ನಿಂತಲ್ಲೇ ಬಿದ್ದ ಹಂದಿ

ಗುಂಡು ತಿಂದ ಹಂದಿ ನಿಂತ ಜಾಗದಲ್ಲೇ ದೊಪ್ಪನೆ ಬಿದ್ದರೆ ಅದನ್ನು ನಂಬಬಾರದು. ಓಡಿಹೋದರೆ ನಂಬಬಹುದು. ಈ ಮಾತು ಹೇಳಿದರೆ ರೋಣದ ಬಸ್‌ಸ್ಟ್ಯಾಂಡಿನ ಚಾದಂಗಡಿಯಲ್ಲಿ ಕೂತವರು ನಗುತ್ತಾರೆ. ನಗಲಿ. ಗಜೇಂದ್ರಗಡದ ಗುಡ್ಡದ ಬುಡದಲ್ಲಿ, ನನ್ನ ಅಕ್ಕನ ಹೊಲದಲ್ಲಿ ಅವತ್ತು ಬೆಳಿಗ್ಗೆ ನಡೆದದ್ದನ್ನು ಅವರು ನೋಡಿಲ್ಲ. ನಾನು ನೋಡಿದ್ದೇನೆ. ನೋಡಿದ ಮೇಲೆ ಎಷ್ಟೋ ದಿನ ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಉಳಿಯುತ್ತಿತ್ತು.

ನಾನು ಫೌಜಿನಿಂದ ಹವಾಲ್ದಾರನಾಗಿ ನಿವೃತ್ತನಾದವನು. ಊರಿಗೆ ಬಂದು ಬಹಳ ವರ್ಷವಾದರೂ ಆ ಶಿಸ್ತು ಬಿಟ್ಟಿಲ್ಲ. ಬೆಳಗಾಗುವ ಮೊದಲೇ ಏಳುತ್ತೇನೆ, ಹಾಸಿಗೆ ಮಡಚುತ್ತೇನೆ, ಗಡ್ಡ ಬೋಳಿಸುತ್ತೇನೆ, ಅಬ್ಬಿಗೇರಿ ರಸ್ತೆಯಲ್ಲಿ ನಡೆದು ಬರುತ್ತೇನೆ. ಆದಿತ್ಯವಾರ ಬಂದೂಕು ಒರೆಸುವ ದಿನ. ಜೋಡುನಳಿಗೆಯ ಬಂದೂಕು, ಬೆಳೆ ಕಾಯಲು ಲೈಸೆನ್ಸ್ ಕೊಟ್ಟದ್ದು. ಹಾರಿಸಿರಲಿ ಬಿಡಲಿ, ಒರೆಸಿ ಎಣ್ಣೆ ಹಚ್ಚಿ ಇಡುತ್ತೇನೆ. ಮನೆಯವರು ಇದಕ್ಕೆ ನನ್ನ ಪೂಜೆ ಎನ್ನುತ್ತಾರೆ.

ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಗಜೇಂದ್ರಗಡದಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಮಗ ಟಂಟಂ ಆಟೋ ಓಡಿಸುತ್ತಾನೆ. ಹೊಲದ ಕಾರಭಾರ ಮಾತ್ರ ಅಕ್ಕನದೇ. ಅದರಲ್ಲಿ ಮಗನಿಗೂ ಬಾಯಿ ಹಾಕುವ ಹಕ್ಕಿಲ್ಲ. ಹೊಲದ ಮೇಲಿನ ಅಂಚಿಗೆ ಒಂದು ಹಳ್ಳ, ಹಳ್ಳದಾಚೆ ಗುಡ್ಡ. ಆ ವರ್ಷ ಅಕ್ಕ ಗೋವಿನಜೋಳ, ನಮ್ಮ ಕಡೆಯ ಗೊಂಜಾಳ, ಹಾಕಿದ್ದಳು. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಗುಡ್ಡದಿಂದ ಹಂದಿಗಳು ಇಳಿದವು. ಹಂದಿ ತಿಂದು ಹೋಗುವ ಪ್ರಾಣಿಯಲ್ಲ. ಒಂದು ತೆನೆಗೆ ಹತ್ತು ದಂಟು ಕೆಡವುತ್ತದೆ, ಅರ್ಧ ಕಡಿದು ಮುಂದಿನದಕ್ಕೆ ಹೋಗುತ್ತದೆ, ಕೊನೆಗೆ ಅದರ ಮೇಲೆಯೇ ಹೊರಳುತ್ತದೆ. ಅಕ್ಕ ಡಬ್ಬಿ ಬಡಿದಳು, ಹಳೇ ಸೀರೆ ಕಟ್ಟಿದಳು, ಮೆಣಸಿನಕಾಯಿ ಹೊಗೆ ಹಾಕಿದಳು. ಹೊಗೆಗೆ ಅಕ್ಕನೇ ಕೆಮ್ಮಿದಳು, ಹಂದಿ ಕೆಮ್ಮಲಿಲ್ಲ.

ಒಂದು ದಿನ ಫೋನು ಬಂತು.

“ತಮ್ಮಾ, ಆ ಬಂದೂಕಕ್ಕ ಎಷ್ಟ ದಿನಾ ಎಣ್ಣಿ ಉಣಸ್ತಿ? ಒಮ್ಮೆರ ದುಡಿಸು.”

ಕಾಡುಹಂದಿಗೆ ಮನಸ್ಸಿಗೆ ಬಂದಂತೆ ಗುಂಡು ಹಾರಿಸುವ ಹಾಗಿಲ್ಲ. ಅರಣ್ಯ ಇಲಾಖೆಗೆ ಅರ್ಜಿ ಕೊಡಬೇಕು, ಅವರು ಬಂದು ಬೆಳೆ ನೋಡಬೇಕು, ಒಪ್ಪಿಗೆ ಸಿಗಬೇಕು, ಹೊಡೆದ ಮೇಲೆ ಹಂದಿಯನ್ನು ಅವರ ಸುಪರ್ದಿಗೆ ಒಪ್ಪಿಸಬೇಕು. ಎಲ್ಲವನ್ನೂ ಕ್ರಮವಾಗಿ ಮಾಡಿದೆ. ಒಬ್ಬನೇ ಹೋಗುವುದು ಸರಿಯಲ್ಲ ಎಂದು ನರಗುಂದದ ನನ್ನ ಗೆಳೆಯನನ್ನೂ ಒಪ್ಪಿಗೆಯಲ್ಲಿ ಸೇರಿಸಿದೆ. ಅವನು ಬಸ್ ಡ್ರೈವರಾಗಿದ್ದವನು. ಅವನದೂ ಲೈಸೆನ್ಸ್ ಬಂದೂಕು. ಗುರಿ ಚಲೋ, ಬಾಯಿ ಅದಕ್ಕಿಂತ ಚಲೋ.

ಹಿಂದಿನ ದಿನ ಮಧ್ಯಾಹ್ನ ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತು ನಾನು ಇದ್ದಿಲಿನಿಂದ ಹಂದಿಯ ಚಿತ್ರ ಬರೆದೆ. ಎಲ್ಲಿ ಹೊಡೆಯಬೇಕು ಎನ್ನುವುದು ಮೊದಲೇ ಮಾತಾಗಿರಬೇಕು. ಹಂದಿ ಎದುರಿಗೆ ಬಂದಾಗ ಮಾತಾಡಲು ಹೊತ್ತಿರುವುದಿಲ್ಲ. ನಾನು ಪೂರ್ವದ ಕಡೆ ಚಾಕರಿಯಲ್ಲಿದ್ದಾಗ ನಮ್ಮ ಸುಬೇದಾರರೊಬ್ಬರು ಇದನ್ನು ಹೇಳಿಕೊಟ್ಟಿದ್ದರು. ಹಂದಿಯ ಹೃದಯ ನಾವು ಅಂದುಕೊಂಡಲ್ಲಿ ಇರುವುದಿಲ್ಲ. ಬಹಳ ಕೆಳಗೆ, ಬಹಳ ಮುಂದೆ, ಮುಂಗಾಲುಗಳ ನಡುವೆ ಅಡಗಿರುತ್ತದೆ. ಅಡ್ಡ ನಿಂತಾಗ ಮುಂಗಾಲಿನ ಮೊಣಕೈ ಹಿಂದೆ, ಹೊಟ್ಟೆಯ ಕೆಳಗಿನ ಗೆರೆಯಿಂದ ಒಂದು ಗೇಣಿನೊಳಗೆ ಇಡಬೇಕು. ಭುಜದ ಮೇಲೆ ಗಂಡುಹಂದಿಗೆ ತೊಗಲಿನ ಕೆಳಗೆ ಕೆರದ ಅಟ್ಟೆಯಂಥ ಗಟ್ಟಿ ಪದರ ಇರುತ್ತದೆ. ಅದರ ಮೇಲೆ ನಮ್ಮ ಎರೆಮಣ್ಣಿನ ಕೆಸರು ಒಣಗಿ ಇನ್ನೊಂದು ಪದರ. ಇನ್ನು ಬೆನ್ನು. ಬೆನ್ನ ಮೇಲಿನ ಕೂದಲು ನಿಗುರಿ ನಿಂತಾಗ ಹಂದಿ ಇರುವುದಕ್ಕಿಂತ ಎತ್ತರ ಕಾಣುತ್ತದೆ. ಮೈಯ ನಡುಮಧ್ಯ ಎಂದು ಗುರಿ ಹಿಡಿದರೆ ಗುಂಡು ಬೆನ್ನೆಲುಬಿನ ಹತ್ತಿರ ಹೋಗುತ್ತದೆ.

ಗೆಳೆಯ ಶೇಂಗಾ ಒಡೆಯುತ್ತ ಕೇಳಿದ.

“ಹಂದಿಗಿ ಹೊಡ್ಯೂದೋ, ಹಂದಿಗಿ ಅಂಗಿ ಹೊಲ್ಯೂದೋ ಹವಾಲ್ದಾರ? ಗೇಣಂತ, ಗೆರಿಯಂತ!”

ಅಕ್ಕ ಒಳಗಿನಿಂದ ಬಂದು ಚಿತ್ರ ನೋಡಿದಳು.

“ಇದು ಹಂದಿ ಏನೋ? ನಾ ನಮ್ಮ ಎಮ್ಮಿ ಅಂದಕೊಂಡಿದ್ದೆ. ಕಟ್ಟಿ ಹೊಲಸ ಮಾಡಿಟ್ರಿ. ಒರಸವರ್ಯಾರು?”

ತೋಟಾ ಎರಡು ಬಗೆಯವು ಇದ್ದವು. ಒಂದು ಎಲ್‌ಜಿ; ಅದರೊಳಗೆ ಕಡಲೆಗಿಂತ ದಪ್ಪ ಛರ್ರಾಗಳು, ಅಂದರೆ ಸೀಸದ ಕಾಳುಗಳು, ಇರುತ್ತವೆ. ಇನ್ನೊಂದು ಒಂಟಿ ಗುಂಡಿನದು. ಮೊದಲೇ ಪರೀಕ್ಷೆ ಮಾಡಿದ್ದೆ. ಹೊಲದಲ್ಲಿ ಮಣ್ಣು ತುಂಬಿದ ಚೀಲಕ್ಕೆ ಹಳೇ ಪೇಪರು ಅಂಟಿಸಿ ಎಲ್‌ಜಿ ಹಾರಿಸಿದರೆ ಹತ್ತಿರದಿಂದ ರೊಟ್ಟಿಯಗಲ ತೂತು ಬಿದ್ದವು, ದೂರ ಸರಿದು ಹಾರಿಸಿದರೆ ಮೊರದಗಲ ಚದುರಿದವು. ಒಂಟಿ ಗುಂಡು ಒಂದೇ ಕಡೆ ಹೋಗುತ್ತದೆ, ಆದರೆ ಆಳಕ್ಕೆ ಹೋಗುತ್ತದೆ. ನಾನು ಬಲ ನಳಿಗೆಗೆ ಎಲ್‌ಜಿ, ಎಡಕ್ಕೆ ಒಂಟಿ ಗುಂಡು ಹಾಕುವವನು. ಮೊದಲ ಗುಂಡು ಗೆಳೆಯನದು, ಅವನಿಂದ ಆಗದಿದ್ದರೆ ನನ್ನದು ಎಂದು ಒಪ್ಪಂದವಾಯಿತು. ಹೊಡೆದ ಮೇಲೆ ಒಂದು ಚಾ ಕುಡಿಯುವಷ್ಟು ಹೊತ್ತು ಯಾರೂ ಕೆಳಗಿಳಿಯಬಾರದು ಎಂದೂ ಹೇಳಿದೆ. ಅಕ್ಕನಿಗೆ ಬೇರೆಯಾಗಿ ಹೇಳಿದೆ: “ನೀ ಹೊಲಕ್ಕ ಬರಬ್ಯಾಡ.”

“ನನ್ನ ಹೊಲಕ್ಕ ನಾ ಬರಾಕ ನಿನ್ನ ಪರ್ಮಿಶನ್ ಬೇಕೇನೋ?”

“ನಾಳಿ ಒಂದಿನ ಬೇಕು.”

“ಹೂಂ, ಬಿಡು” ಎಂದಳು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಇನ್ನೂ ಮಸುಕು ಇರುವಾಗಲೇ ನಾವಿಬ್ಬರೂ ಅಟ್ಟಣಿಗೆ ಹತ್ತಿ ಕೂತೆವು. ನಾಲ್ಕು ಕಂಬದ ಮೇಲೆ ಹಲಗೆ ಹಾಕಿದ ಕಾವಲು ಅಟ್ಟಣಿಗೆ, ಹೊಲದ ಮೇಲಿನ ಅಂಚಿಗೆ. ಎದುರಿಗೆ ಬದುವಿನಲ್ಲಿ ಒಂದು ಕಂಡಿ. ರಾತ್ರಿಯೆಲ್ಲ ಮೇದ ಹಂದಿಗಳು ಬೆಳಕು ಹರಿಯುವ ಹೊತ್ತಿಗೆ ಆ ಕಂಡಿಯಿಂದ ಹಳ್ಳಕ್ಕಿಳಿದು ಗುಡ್ಡ ಸೇರುತ್ತಿದ್ದವು. ನೆಲದ ಮೇಲೆ ಗೊರಸಿನ ಗುರುತು ತುಂಬಿದ್ದವು. ಬೆಳಕು ಬಂತು. ಗೆಳೆಯನ ಬಂದೂಕಿನ ನಳಿಗೆಯ ತುದಿ ನನಗೆ ಸ್ಪಷ್ಟ ಕಂಡಿತು. ಆಗ ದಂಟು ಮುರಿಯುವ ಸಪ್ಪಳ ಹತ್ತಿರವಾಯಿತು.

ಮೊದಲು ಒಂದು ಹೆಣ್ಣು, ಅದರ ಹಿಂದೆ ಮರಿಗಳು. ಅವನ್ನು ಬಿಟ್ಟೆವು. ಕೊನೆಗೆ ಒಂದು ಒಂಟಿ ಗಂಡು ಹೊರಬಂತು. ಮೈತುಂಬ ಒಣಗಿದ ಕಪ್ಪು ಕೆಸರು, ಬೆನ್ನ ಮೇಲೆ ಕೂದಲು ಕಸಬರಿಗೆಯಂತೆ ನಿಂತಿತ್ತು. ಕಂಡಿಯ ಈಚೆಗೆ ಅಡ್ಡ ನಿಂತು ಮೂಗೆತ್ತಿತು. ಗೆಳೆಯ ಹಾರಿಸಿದ.

ಹಂದಿ ಬಿತ್ತು. ಕಾಲು ಕಡಿದ ಮಂಚದಂತೆ ನಾಲ್ಕೂ ಕಾಲು ಒಮ್ಮೆಗೇ ಮಡಚಿ ಬಿತ್ತು. ಕಿರುಚಲಿಲ್ಲ. ಒದ್ದಾಡಲಿಲ್ಲ.

“ಬಿತ್ತಲೇ!” ಎಂದು ಗೆಳೆಯ ಕೂಗಿದ ಸದ್ದು ಗುಡ್ಡಕ್ಕೆ ಬಡಿದು ತಿರುಗಿ ಬಂತು. “ನೋಡಿದೇನ? ನಿಂತಲ್ಲೇ! ಗೇಣೂ ಇಲ್ಲ, ಗೆರೀನೂ ಇಲ್ಲ!”

ಹೃದಯಕ್ಕೆ ಪೆಟ್ಟು ಬಿದ್ದ ಪ್ರಾಣಿ ಹೀಗೆ ಬೀಳುವುದಿಲ್ಲ. ಅದು ಜಿಗಿಯುತ್ತದೆ, ಓಡುತ್ತದೆ, ಓಡಿ ಬೀಳುತ್ತದೆ. ಹೀಗೆ ಒಮ್ಮೆಗೇ ಕುಸಿದರೆ ಎರಡೇ ಕಾರಣ: ಮಿದುಳೋ ಬೆನ್ನುಹುರಿಯೋ ಕಡಿದಿರಬೇಕು, ಇಲ್ಲವೇ ಗುಂಡು ಬೆನ್ನೆಲುಬಿನ ಮೇಲ್ತುದಿಗೆ ತಾಗಿ ಪ್ರಾಣಿಗೆ ಬರೀ ಜೋಮು ಹಿಡಿದಿರಬೇಕು. ಮೊದಲನೆಯದಾದರೆ ಸತ್ತಿದೆ. ಎರಡನೆಯದಾದರೆ ಏಳುತ್ತದೆ.

“ಇನ್ನೊಂದು ಹೊಡಿ” ಎಂದೆ.

“ಸತ್ತದ್ದಕ್ಕ ತೋಟಾ ಯಾಕ ಹಾಳ ಮಾಡ್ಲಿ?”

“ಹೊಡಿ ಅಂದ್ನೆಲ್ಲಾ.”

ಅವನು ನಗುತ್ತ ಬಂದೂಕಿನ ನಳಿಗೆ ಮಡಚಿ ಖಾಲಿ ತೋಟಾ ತೆಗೆಯುತ್ತಿದ್ದ. ನಾನು ನನ್ನ ಬಂದೂಕು ಎತ್ತಿದೆ. ಆಗ ಹೊಲದ ಕೆಳಗಿನಿಂದ, ದಂಟಿನ ಸಾಲುಗಳ ನಡುವೆ, ಕೆಂಪು ಸೀರೆ ಕಂಡಿತು. ಅಕ್ಕ.

ಮಗನ ಟಂಟಂ ಹತ್ತಿ ನಮಗೆ ಬುತ್ತಿ ತಂದಿದ್ದಳಂತೆ. ರಸ್ತೆಯ ಬದಿಯಲ್ಲೇ ಇರುತ್ತೇನೆಂದು ಮಗನಿಗೆ ಮಾತು ಕೊಟ್ಟಿದ್ದಳು. ಗುಂಡಿನ ಸದ್ದು ಕೇಳಿದಳು, “ಬಿತ್ತಲೇ” ಎಂದದ್ದು ಕೇಳಿದಳು, ಸೀದಾ ನಡೆದು ಬಂದಳು. ಕೈಯಲ್ಲಿ ನೀರಿನ ತಂಬಿಗೆ.

ಆ ತಂಬಿಗೆ ಯಾಕೆಂದು ನನಗೆ ತಕ್ಷಣ ತಿಳಿಯಿತು. ಸಾಯುವ ಜೀವದ ಬಾಯಿಗೆ ನೀರು ಬಿಡಬೇಕು. ಮನುಷ್ಯರಿಗೆ ಎಲ್ಲರೂ ಬಿಡುತ್ತಾರೆ. ನಮ್ಮ ಮನೆಯಲ್ಲಿ ದನಕರುಗಳಿಗೂ ಬಿಡುತ್ತೇವೆ. ಅವ್ವ ಹಾಗೆ ಮಾಡುತ್ತಿದ್ದಳು, ಅಕ್ಕ ಅದನ್ನು ಬಿಟ್ಟಿಲ್ಲ. ಹಿತ್ತಲಲ್ಲಿ ಹೊಡೆದ ಹಾವಿಗೂ ನೀರು ಬಿಟ್ಟವಳು ಅವಳು. ತನ್ನ ಬೆಳೆ ಹಾಳು ಮಾಡಿದ ಹಂದಿಯನ್ನು ತಾನೇ ಹೊಡೆಸಿದ್ದರೂ ಅದು ಬಾಯಾರಿ ಸಾಯುವುದು ಅವಳಿಗೆ ಸೇರಲಿಲ್ಲ.

“ಅಕ್ಕಾ, ನಿಲ್ಲು! ಅಲ್ಲೇ ನಿಲ್ಲು!”

“ಸುಮ್ನಿರೋ, ಒದರಬ್ಯಾಡ. ಇನ್ನಾ ಜೀವ ಐತಿ ಅದಕ್ಕ, ಬಾಯಿ ಆಡಸಾಕತ್ತೈತಿ.”

ಜೀವ ಇದೆ ಎಂದು ಅವಳೇ ಹೇಳುತ್ತಿದ್ದಾಳೆ! ಗುಂಡು ಹಾರಿಸುವ ಹಾಗಿಲ್ಲ, ಅಕ್ಕ ಆಗಲೇ ಹಂದಿಯ ತಲೆಯ ಹತ್ತಿರ ಇದ್ದಳು. ಅಟ್ಟಣಿಗೆಯ ಏಣಿ ಇಳಿದೆನೋ ಜಿಗಿದೆನೋ ನೆನಪಿಲ್ಲ. ಕಾಲು ನೆಲಕ್ಕೆ ತಾಗಿದಾಗ ಅಕ್ಕ ಕುಕ್ಕುರುಗಾಲಲ್ಲಿ ಕೂತು ತಂಬಿಗೆ ಬಗ್ಗಿಸುತ್ತಿದ್ದಳು. ನೀರು ಹಂದಿಯ ಮೂತಿಯ ಮೇಲೆ ಬಿತ್ತು.

ಹಂದಿಯ ಕಿವಿ ಅಲುಗಿತು. ಆಮೇಲೆ ಅದು ಎದ್ದಿತು.

ನಾನು ಗಡಿಯಲ್ಲಿ ಇದ್ದು ಬಂದವನು. ನೋಡಬಾರದ್ದನ್ನು ನೋಡಿದ್ದೇನೆ. ಆದರೆ ಬಿತ್ತೆಂದು ಕೂಗಿದ ಪ್ರಾಣಿ, ಮಲಗಿದ್ದವನು ಚಾ ಕುಡಿಯಲು ಏಳುವ ಹಾಗೆ ಎದ್ದದ್ದನ್ನು ಎಂದೂ ನೋಡಿರಲಿಲ್ಲ. ಅಕ್ಕ ಹಿಂದಕ್ಕೆ ಬಿದ್ದಳು, ತಂಬಿಗೆ ಉರುಳಿತು. ಹಂದಿ ಅವಳ ಕಾಲ ಬದಿಯಲ್ಲಿ ನಿಂತು ತಲೆ ಕೊಡವಿತು. ಹಿಂಗಾಲು ನಡುಗುತ್ತಿದ್ದವು. ಕಟ ಕಟ ಎಂದು ಕೋರೆ ತಿಕ್ಕುವ ಸದ್ದು ಮಾತ್ರ ಕೇಳುತ್ತಿತ್ತು.

ಬಂದೂಕು ನನ್ನ ಹೆಗಲಿಗೆ ಬಂದಿತ್ತು. ಈಗ ಬರೆಯುವಾಗ ಇದು ಉದ್ದವಾಗುತ್ತದೆ, ಆಗ ಒಂದು ಉಸಿರಿನಷ್ಟೂ ಇರಲಿಲ್ಲ. ಎಲ್‌ಜಿ ಹಾರಿಸಿದರೆ ಛರ್ರಾ ಚದುರಿ ಅಕ್ಕನಿಗೂ ಬೀಳುತ್ತದೆ. ಹಂದಿಯ ಹಣೆ ನನ್ನ ಕಡೆ ತಿರುಗಿತು. ಇಳಿಜಾರಾದ ಗಟ್ಟಿ ಎಲುಬು, ಎದುರಿನಿಂದ ಹೊಡೆದರೆ ಗುಂಡು ಜಾರಬಹುದು, ಜಾರಿದ ಗುಂಡು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಹೇಳಲಾರರು. ಹಂದಿ ಮತ್ತೆ ಅಡ್ಡ ತಿರುಗಿತು. ಅದರಾಚೆ ಬರೀ ಬದು, ಅಕ್ಕನ ಕಾಲು ಮೂತಿಗೂ ಕುತ್ತಿಗೆಗೂ ಹತ್ತಿರ, ಗುಂಡಿನ ದಾರಿಯಲ್ಲಿ ಇರಲಿಲ್ಲ. ಮೊಣಕೈ ಹಿಂದೆ, ಗೆರೆಯಿಂದ ಒಂದು ಗೇಣು. ಎಡ ನಳಿಗೆ ಹಾರಿಸಿದೆ.

ಗುಂಡು ಬಿದ್ದಲ್ಲಿ ಒಣ ಕೆಸರು ಧೂಳಾಗಿ ಹಾರಿದ್ದು ಕಂಡೆ. ನಾನು ಇಡಬೇಕೆಂದಲ್ಲೇ ಇಟ್ಟಿದ್ದೆ.

ಹಂದಿ ಬೀಳಲಿಲ್ಲ.

ಒಮ್ಮೆ ಮೈ ಕುಗ್ಗಿಸಿತು. ಆಮೇಲೆ ಏನೂ ಆಗದವರ ಹಾಗೆ ಮುಂದಕ್ಕೆ ನುಗ್ಗಿತು. ಅದರ ಮುಂದೆ ಅಕ್ಕನ ಕಾಲಿತ್ತು. ತಲೆ ತಗ್ಗಿಸಿ ಒಮ್ಮೆ ಮೇಲಕ್ಕೆತ್ತಿತು, ಅಷ್ಟೇ. ಬಟ್ಟೆ ಹರಿದ ಸದ್ದು ಬಂತು. ಬಟ್ಟೆಯೊಂದೇ ಹರಿದಿರಲಿ ಎಂದು ನಾನು ಅಂದುಕೊಂಡದ್ದು ನೆನಪಿದೆ. ಹಂದಿ ಅವಳನ್ನು ದಾಟಿ ಬದುವಿನ ಉದ್ದಕ್ಕೂ ಓಡಿತು. ಕಂಡಿ ತಲುಪುವ ಮೊದಲು ಮುಂಗಾಲು ಮಡಚಿ, ಮೂತಿಯಿಂದ ನೆಲ ಉಳುತ್ತ ಬಿತ್ತು. ಈ ಸಲ ಕಾಲು ಒದರಿತು. ಬಹಳ ಹೊತ್ತು ಒದರಿತು.

ಅಕ್ಕನ ಎಡ ತೊಡೆ ಮೊಣಕಾಲಿನ ಮೇಲಿಂದ ತೆರೆದುಕೊಂಡಿತ್ತು. ನಾನು ಹೆಗಲ ಮೇಲಿನ ಟವೆಲ್ ಒತ್ತಿ ಕಟ್ಟಿದೆ. ಕೈ ತಾನೇ ಕೆಲಸ ಮಾಡಿತು. ಕಲಿತ ಕೈ ಹಾಗೆ ಮಾಡುತ್ತದೆ. ತಲೆ ಮಾತ್ರ ಎಲ್ಲೋ ಇತ್ತು. ಗೆಳೆಯ ಓಡಿ ಬಂದು ಅಕ್ಕನನ್ನು ನೋಡಿದವನೇ ನೆಲಕ್ಕೆ ಕೂತ. “ಅಕ್ಕಾರ, ಅಕ್ಕಾರ” ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಅಷ್ಟು ಬಾಯಿ ಇದ್ದವನ ತುಟಿ ಸುಣ್ಣದಂತಾಗಿತ್ತು.

ಅಕ್ಕನಿಗೆ ಎಚ್ಚರ ಇತ್ತು. ಆಕಾಶ ನೋಡುತ್ತ ಹೇಳಿದಳು.

“ಬಿತ್ತು ಅಂದ್ರೆಲ್ಲೋ?”

ನಾನು ಟವೆಲ್ಲಿನ ಗಂಟನ್ನು ಇನ್ನಷ್ಟು ಬಿಗಿದೆ.

ಅಕ್ಕನ ಮಗ, ನನ್ನ ಅಳಿಯ, ಟಂಟಂ ಅನ್ನು ಹೊಲದೊಳಕ್ಕೇ ತಂದ. ಗೋವಿನಜೋಳದ ಸಾಲುಗಳ ಮೇಲೆ ಓಡಿಸಿಕೊಂಡು ಬಂದ. ಹಂದಿ ಹಾಳು ಮಾಡಿದ್ದಕ್ಕಿಂತ ಹೆಚ್ಚು ಬೆಳೆ ಅದರ ಗಾಲಿಗೆ ಸಿಕ್ಕಿತು. ಅಕ್ಕನನ್ನು ಹಿಂದೆ ಮಲಗಿಸಿ, ಅವಳ ಕಾಲನ್ನು ನನ್ನ ತೊಡೆಯ ಮೇಲೆತ್ತಿ ಹಿಡಿದು ಗಜೇಂದ್ರಗಡದ ದವಾಖಾನೆಗೆ ಹೋದೆವು. ಅಲ್ಲಿ ರಕ್ತ ನಿಲ್ಲಿಸಿ, ಸೂಜಿ ಮಾಡಿ, ಗದಗಿಗೆ ಕಳಿಸಿದರು. ಗಾಯ ದೊಡ್ಡದು, ಸ್ನಾಯು ಕಡಿದಿದೆ, ಕೋರೆಯ ಹೊಲಸು ಒಳಗೆ ಹೋಗಿದೆ. ಕೀವಾದರೆ ಕಾಲು ಉಳಿಸುವುದು ಕಷ್ಟ ಎಂದು ಗದಗಿನ ಡಾಕ್ಟರು ಹೊರಗೆ ಕರೆದು ಹೇಳಿದರು. ಕಾಲು ಉಳಿದರೂ ಮಡಚಲು ಬಂದೀತೆಂದು ಈಗಲೇ ಹೇಳಲಾರೆ ಎಂದರು. ಎಪ್ಪತ್ತು ದಾಟಿದ ಹೆಂಗಸು. ಒಂದು ದಿನ ಕಾಲಿಗೆ ಮಣ್ಣು ತಾಗದಿದ್ದರೆ ಊಟ ಸೇರದವಳು.

ಮರುದಿನ ನಾನು ಹಿಂದಿರುಗಿ ಬರಬೇಕಾಯಿತು. ಅರಣ್ಯದವರ ಎದುರಿಗೆ ದನದ ಡಾಕ್ಟರು ಹಂದಿಯನ್ನು ಕೊಯ್ದು ನೋಡುವಾಗ ಹೊಡೆದವರು ಇರಬೇಕು ಎಂದಿದ್ದರು. ಗೆಳೆಯನೂ ಬಂದಿದ್ದ. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಡಾಕ್ಟರು ಮೊದಲು ಗೆಳೆಯನ ಗುಂಡಿನ ದಾರಿ ತೋರಿಸಿದರು. ನಿಗುರಿದ ಕೂದಲಿನ ಕೆಳಗೆ, ಬೆನ್ನೆಲುಬಿನಿಂದ ಮೇಲಕ್ಕೆ ಚಾಚಿಕೊಂಡ ಎಲುಬಿನ ತುದಿಯನ್ನು ಸವರಿ ಆಚೆ ಹೋಗಿತ್ತು. ಎಲುಬಿನ ತುದಿ ಹಾರಿತ್ತು, ಹುರಿ ಕಡಿದಿರಲಿಲ್ಲ. ತಲೆಗೆ ಪೆಟ್ಟು ಬಿದ್ದವನಿಗೆ ಕಣ್ಣು ಕತ್ತಲೆ ಬರುವ ಹಾಗೆ ಅದಕ್ಕೆ ಬಂದಿತ್ತು, ಹೋಗಿತ್ತು. ಆ ಗಾಯದಿಂದ ಅದು ಸಾಯುವ ಹಾಗೇ ಇರಲಿಲ್ಲ.

ಆಮೇಲೆ ನನ್ನದು. ಹೃದಯವನ್ನು ಅಂಗೈ ಮೇಲಿಟ್ಟು ತೋರಿಸಿದರು. ಅದನ್ನು ಹೃದಯ ಎನ್ನುವ ಹಾಗಿರಲಿಲ್ಲ, ಕೆಳಗಿನ ಅರ್ಧ ಚಿಂದಿಯಾಗಿತ್ತು. ಗುಂಡು ಆ ಬದಿಯ ತೊಗಲಿನ ಒಳಗೇ ನಿಂತಿತ್ತು. ಗೋಲಿಯಂತಿದ್ದದ್ದು ಕೋಟಿನ ಗುಂಡಿಯಂತೆ ಚಪ್ಪಟೆಯಾಗಿತ್ತು.

“ಇಷ್ಟ ಆದ ಮ್ಯಾಲೆ ಅದು ಹ್ಯಾಂಗ ಓಡ್ತರಿ ಸಾಹೇಬ್ರ?” ಎಂದೆ.

“ಮೈಯಾಗಿನ ರಕ್ತ ಮಿದುಳಿಗೆ ಸಾಲೂತನಕ ಓಡ್ತೈತ್ರಿ. ಭಾಳ ಹೊತ್ತಲ್ಲ. ಅಷ್ಟರಾಗ ಏನ ಮಾಡ್ಬೇಕೋ ಅದನ್ನ ಮಾಡ್ತೈತಿ” ಎಂದರು.

ಭುಜದ ಪದರ ಕೊಯ್ದಾಗ ಇನ್ನೊಂದು ಕಂಡಿತು. ತೊಗಲಿನ ಕೆಳಗಿನ ಗಟ್ಟಿಯಲ್ಲಿ ನಾಲ್ಕೈದು ಸಣ್ಣ ಛರ್ರಾ, ಸುತ್ತ ಮಾಂಸ ಬೆಳೆದು ಮುಚ್ಚಿಕೊಂಡಿತ್ತು. ಎಂದೋ ಯಾರೋ ಕದ್ದು ಹಾರಿಸಿದ್ದರು. ಒಳಗೆ ಹೋಗಲಾರದೆ ಅಲ್ಲೇ ಉಳಿದಿದ್ದವು. ಆ ಹಂದಿ ಬಂದೂಕಿನ ಸದ್ದು ಮೊದಲೇ ಕೇಳಿತ್ತು ಎಂದಾಯಿತು. ನಾನು ಅಲ್ಲಿದ್ದ ಕಲ್ಲಿನ ಮೇಲೆ ಕೂತೆ.

ಹೊರಗೆ ಬಂದಾಗ ಗೆಳೆಯ ಮೊದಲ ಸಲ ಮಾತಾಡಿದ.

“ನನ್ನ ಗುಂಡು ತಪ್ಪಿದ್ದು ಖರೇ. ಆದ್ರ ನಿಂತಲ್ಲೇ ಕೆಡವಿತು. ನಿನ್ನ ಗುಂಡು ಬರೋಬ್ಬರಿ ಬಿತ್ತು, ಓಡಸ್ತು. ನೀ ಕುತಿಗಿಗಿ ಹೊಡೀಬೇಕಾಗಿತ್ತು.”

ಕುಹಕಕ್ಕೆ ಹೇಳಿದ ಮಾತಲ್ಲ. ರಾತ್ರಿಯೆಲ್ಲ ಅದನ್ನೇ ತಿರುವಿ ಹಾಕಿ ನಿದ್ದೆಗೆಟ್ಟವನ ಮಾತು. ಕುತ್ತಿಗೆಯ ಹತ್ತಿರ ಅಕ್ಕನ ಮೊಣಕಾಲಿತ್ತು ಎಂದು ಹೇಳಬೇಕೆಂದಿದ್ದೆ. ಕೊಲ್ಲುವ ಜಾಗ ಬೇರೆ, ನಿಲ್ಲಿಸುವ ಜಾಗ ಬೇರೆ. ಕಟ್ಟೆಯ ಮೇಲೆ ಇದ್ದಿಲಲ್ಲಿ ಬರೆದಾಗ ನಾನು ಮೊದಲನೆಯದನ್ನು ಮಾತ್ರ ಬರೆದಿದ್ದೆ, ಯಾಕೆಂದರೆ ಆ ಚಿತ್ರದಲ್ಲಿ ಹಂದಿಯ ಪಕ್ಕ ಯಾರೂ ಇರಲಿಲ್ಲ.

ಗದಗಿನ ದವಾಖಾನೆಯಲ್ಲಿ ಅಕ್ಕನಿಗೆ ಜ್ವರ ಏರಿತು. ಗಾಯ ಮತ್ತೆ ಬಿಚ್ಚಿ ತೊಳೆದರು. ನಾನು ರೋಣದಿಂದ ದಿನಾ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೆ. ಡಾಕ್ಟರು ಪಟ್ಟಿ ಬಿಚ್ಚುವಾಗ ಅವರ ಮುಖ ನೋಡುತ್ತ ನಿಲ್ಲುವುದು ನನ್ನ ಕೆಲಸ. ಅವರ ಮುಖದಲ್ಲಿ ಏನೂ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಜ್ವರ ಇಳಿದಿತ್ತು. ಅಕ್ಕ ನನ್ನನ್ನು ಹತ್ತಿರ ಕರೆದಳು. ಕಾಲಿನ ಬಗ್ಗೆ ಕೇಳುತ್ತಾಳೆ, ಏನು ಹೇಳಲಿ ಎಂದುಕೊಂಡೆ.

“ಆಮ್ಯಾಲರ ಅದರ ಬಾಯಾಗ ನೀರ ಬಿಟ್ರೋ ಇಲ್ಲೋ?”

ತೊಡೆಯಲ್ಲಿ ಹೊಲಿಗೆ, ಕೈಯಲ್ಲಿ ಸೂಜಿ, ಕಾಲು ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ, ಈಕೆ ಹಂದಿಯ ಬಾಯಾರಿಕೆ ಕೇಳುತ್ತಿದ್ದಾಳೆ!

“ನಿನ್ನ ಕಾಲು ಹಿಡಕೊಂಡ ಕುಂತಿದ್ನೆವ್ವಾ ನಾ. ಎಲ್ಲಿ ನೀರು?”

“ನರಗುಂದದಾಂವ ಏನ ಮಾಡಾಕತ್ತಿದ್ದ?”

“ಅಳಾಕತ್ತಿದ್ದ.”

“ಇಬ್ರೂ ಕೂಡಿ ಒಂದ ಹಂದೀನ್ನ ನೆಟ್ಟಗ ಸಾಯಸ್ಲಿಲ್ಲ” ಎಂದು ಮುಖ ಆ ಕಡೆ ತಿರುಗಿಸಿದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದು ಬಗ್ಗಿ ನೋಡಿದೆ. ನಗುತ್ತಿದ್ದಳು.

ಕಾಲು ಉಳಿಯಿತು. ಮೊಣಕಾಲು ಪೂರ್ತಿ ಮಡಚುವುದಿಲ್ಲ. ನೆಲಕ್ಕೆ ಕೂತು ರೊಟ್ಟಿ ಬಡಿಯುತ್ತಿದ್ದವಳು ಈಗ ಸ್ಟೂಲಿನ ಮೇಲೆ ಕೂತು ಬಡಿಯುತ್ತಾಳೆ. ಕೋಲು ಹಿಡಿದು ಹೊಲಕ್ಕೆ ಹೋಗುತ್ತಾಳೆ. ಮುಂದಿನ ವರ್ಷ ಮತ್ತೆ ಗೋವಿನಜೋಳವನ್ನೇ ಹಾಕಿದಳು. ಹಾಲುತೆನೆಯ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು.

“ತಮ್ಮಾ, ಹಂದಿ ಬಂದಾವ. ಬಂದೂಕ ತಗೊಂಡ ಬಾ.”

ಆ ಮನೆಯಲ್ಲಿ ಬಂದೂಕಿನ ಹೆಸರು ಎತ್ತುವುದನ್ನೇ ಬಿಟ್ಟಿದ್ದೆ ನಾನು.

“ಕೇಳಾಕತ್ತೀ ಇಲ್ಲೋ?”

“ಅಕ್ಕಾ, ನನ್ನ ಕೈಲಿ ಆಗಂಗಿಲ್ಲ.”

“ಯಾಕ? ಹರದದ್ದು ನನ್ನ ಕಾಲು. ನಿನ್ನ ಕೈಗೇನಾಗೇತಿ? ನಾ ಮನ್ಯಾಗ ಇರ್ತೇನಿ. ಸೊಸಿ ಮ್ಯಾಲೆ ಆಣಿ. ಬರ್ತೀಯೋ, ಇಲ್ಲ ನಾನ ಹೋಗಿ ಡಬ್ಬಿ ಬಡೀಲೋ?”

ಮತ್ತೆ ಅರ್ಜಿ, ಮತ್ತೆ ಒಪ್ಪಿಗೆ. ಈ ಸಲ ಗೆಳೆಯ ಬರಲಿಲ್ಲ. ಅವನು ತನ್ನ ಬಂದೂಕು ಠಾಣೆಗೆ ಒಪ್ಪಿಸಿಬಿಟ್ಟಿದ್ದ. ಅಳಿಯ ನನ್ನ ಜೊತೆ ಅಟ್ಟಣಿಗೆ ಹತ್ತಿದ. ಅಕ್ಕ ಮನೆಯಲ್ಲೇ ಇದ್ದಾಳೆಂದು ಹೊರಡುವ ಮೊದಲು ಕಣ್ಣಾರೆ ನೋಡಿದೆ. ಹೊರಗಿನಿಂದ ಚಿಲಕ ಹಾಕಿಕೊಂಡು ಬಾ ಎಂದು ಅಳಿಯನಿಗೆ ಹೇಳಿದೆ. ಅವನು ನಕ್ಕ, ಆದರೆ ಹಾಕಿದ.

ಬೆಳಕು ಹರಿಯುವಾಗ ಗಂಡುಹಂದಿಯೊಂದು ಅದೇ ಕಂಡಿಯ ಮುಂದೆ ಅಡ್ಡ ನಿಂತಿತು. ಬಂದೂಕು ಹೆಗಲಿಗೇರಿಸಿದೆ. ಮೊಣಕೈ ಹಿಂದಿನ ಜಾಗ ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ಕಂಡಿತು. ಆಚೆ ಬದು. ಸುತ್ತ ಯಾರೂ ಇಲ್ಲ. ಅದಕ್ಕಿಂತ ಚಲೋ ಗುರಿ ಜೀವಮಾನದಲ್ಲಿ ಸಿಗಲಾರದು. ಬೆರಳು ಒತ್ತಲಿಲ್ಲ. ಕಣ್ಣು ಗುರಿ ಬಿಟ್ಟು ದಂಟಿನ ಸಾಲುಗಳ ಕಡೆ ಹೋಯಿತು. ತಂದು ನಿಲ್ಲಿಸಿದೆ. ಮತ್ತೆ ಹೋಯಿತು. ಪ್ರತಿ ಸಾಲಿನಲ್ಲೂ ಕೆಂಪು ಹುಡುಕುತ್ತಿತ್ತು.

“ಮಾಮಾ, ಹೊಡೀರಿ” ಎಂದು ಅಳಿಯ ಪಿಸುಗುಟ್ಟಿದ. “ಮಾಮಾ, ಹೊಂಟತ್ರಿ!”

ಹಂದಿ ಹಳ್ಳಕ್ಕಿಳಿಯಿತು.

ಮನೆಗೆ ಬಂದು ಚಿಲಕ ತೆಗೆದಾಗ ಅಕ್ಕ ಸ್ಟೂಲಿನ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು.

“ಸದ್ದ ಕೇಳಲಿಲ್ಲ. ಹೊಡೀಲಿಲ್ಲೇನ?”

“ಇಲ್ಲ.”

“ಬರಲಿಲ್ಲೇನ ಅವು?”

“ಬಂದಿದ್ವು.”

“ಮತ್ತ?”

“ನೀ ಎಲ್ಲಿದ್ದಿ ಅಂತ ತಿಳೀಲಿಲ್ಲ.”

ಅವಳ ಕೈ ಹಿಟ್ಟಿನ ಮೇಲೆಯೇ ನಿಂತಿತು.

“ಹೊರಗಿಂದ ಚಿಲಕಾ ಹಾಕ್ಸಿ ಹೋದಾಂವ ನೀನ. ನಾ ಇನ್ನೆಲ್ಲಿ ಇರ್ತೇನೋ?”

“ಹೌದು” ಎಂದೆ. “ಆದ್ರೂ ತಿಳೀಲಿಲ್ಲ.”

ಅಕ್ಕ ನನ್ನ ಕಡೆ ನೋಡಿದಳು. ಬಾಯಿಗೆ ಬಂದ ಯಾವುದೋ ಕುಹಕವನ್ನು ನುಂಗಿದ್ದು ನನಗೆ ಕಂಡಿತು. ಆಮೇಲೆ ರೊಟ್ಟಿ ಎತ್ತಿ ಹಂಚಿನ ಮೇಲೆ ಹಾಕಿದಳು.

“ತಿಂದ್ರ ತಿನ್ಲಿ ಬಿಡು ಈ ವರ್ಷದ ಗೊಂಜಾಳ” ಎಂದಳು. “ಆ ಬಂದೂಕ ಮೂಲ್ಯಾಗ ಇಟ್ಟ ಕೈ ತೊಳ್ಕೊ. ಬಿಸೀದು ಐತಿ, ಉಣ್ಣು.”